ಜಾತಿ ಕಡಿದ ಬೆಲೆಗೂ ನಾವೇ ತೆರಿಗೆ ಕಟ್ಟಬೇಕಾ?



ಇವತ್ತು ಸ್ವಲ್ಪ ಲೆಕ್ಕದ ಮಾತು. ಪೋಸ್ಟ್ ಉದ್ದ ಇದೆ, ಆದ್ರೂ ಓದಿ. ಸ್ವಂತ ಮನೆ ಬಾಡಿಗೆಗೆ ಕೊಟ್ಟಿರೋರು, ಮುಂದೆ ಅದನ್ನ ಮಾರೋ ಯೋಚನೆಯಲ್ಲಿರೋರು ತಪ್ಪದೆ ಓದಿ.

ನಮ್ಮಲ್ಲಿ ಮೊದಲ ತಲೆಮಾರಿನ ನೌಕರರ ಕಥೆ ಹೆಚ್ಚುಕಮ್ಮಿ ಒಂದೇ. ಅಟೆಂಡರೋ, ಶಾಲೆ ಮೇಷ್ಟ್ರೋ, ಬಸ್ ಕಂಡಕ್ಟರೋ ಆಗಿ ತಾಲ್ಲೂಕು ಕೇಂದ್ರದಲ್ಲಿ ಒಂದು ಸೈಟು ಮಾಡ್ಕೋತಾರೆ. ಸೈಟು ಸಿಗೋದು ಎಲ್ಲಿ? ನಮ್ಮವರೇ ಇರೋ ಕಾಲೋನಿಯಲ್ಲಿ. ಸಾಲ ಮಾಡಿ, ಭಾನುವಾರ ತಾವೇ ಮಣ್ಣು ಹೊತ್ತು, ಎರಡು ರೂಮಿನ ಮನೆ ಏಳಿಸ್ತಾರೆ. ಅಷ್ಟರಲ್ಲಿ ವರ್ಗಾವಣೆ. ತಮ್ಮ ಮನೆ ಬಾಡಿಗೆಗೆ ಕೊಟ್ಟು, ಬೇರೆ ಊರಲ್ಲಿ "ನೀವು ಯಾವ ಜನ?" ಅನ್ನೋ ಪ್ರಶ್ನೆ ಎದುರಿಸ್ತಾ ಬಾಡಿಗೆ ಮನೆ ಹುಡುಕ್ತಾರೆ. 1917ರಲ್ಲಿ ವಿದೇಶದಲ್ಲಿ ಓದಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದ ಬಾಬಾಸಾಹೇಬರಿಗೇ ಅಲ್ಲಿ ಸೂರು ಸಿಗಲಿಲ್ಲ. ಉಳಿದುಕೊಂಡಿದ್ದ ಪಾರ್ಸಿ ಛತ್ರದಿಂದ ಕೋಲು ಹಿಡಿದವರು ಬಂದು ಹೊರಗೆ ಹಾಕಿದರು. ನೂರು ವರ್ಷ ಆದ್ಮೇಲೆ ಕೋಲು ಹೋಗಿದೆ, ಪ್ರಶ್ನೆ ಹೋಗಿಲ್ಲ.

ನಿವೃತ್ತಿ ಆದ್ಮೇಲೋ, ಮಕ್ಕಳ ಓದಿಗೋ, ಆಸ್ಪತ್ರೆ ಖರ್ಚಿಗೋ ಆ ಮನೆ ಮಾರಬೇಕಾಗುತ್ತೆ. ಆಗ ಎದುರಾಗೋದೇ ಬಂಡವಾಳ ಲಾಭದ ತೆರಿಗೆ, ಅಂದ್ರೆ ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್.

ಮೊದಲು ಒಂದು ತಪ್ಪು ತಿಳಿವಳಿಕೆ ಬಗ್ಗೆ. "ಬಾಡಿಗೆಗೆ ಕೊಟ್ಟಿದ್ದ ಮನೆ ಮಾರಿದ್ರೆ ವಿನಾಯಿತಿ ಇಲ್ಲ" ಅಂತ ಅರ್ಧಂಬರ್ಧ ತಿಳಿದ ಏಜೆಂಟರು ನಮ್ಮ ಜನಕ್ಕೆ ಹೇಳ್ತಾರೆ. ಇದು ಸುಳ್ಳು. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 54ರಲ್ಲಿ ನೀವೇ ವಾಸ ಮಾಡಿರಬೇಕು ಅಂತ ಷರತ್ತಿಲ್ಲ. ಅದು ವಾಸದ ಮನೆ ಆಗಿರಬೇಕು, 24 ತಿಂಗಳಿಗಿಂತ ಹೆಚ್ಚು ಕಾಲ ನಿಮ್ಮ ಹೆಸರಲ್ಲಿ ಇರಬೇಕು. ಬಂದ ಲಾಭದಲ್ಲಿ ಇನ್ನೊಂದು ಮನೆ ಕೊಳ್ಳಬೇಕು: ಮಾರೋಕೆ ಒಂದು ವರ್ಷ ಮುಂಚೆ ಅಥವಾ ಮಾರಿದ ಎರಡು ವರ್ಷದೊಳಗೆ. ಕಟ್ಟಿಸೋದಾದ್ರೆ ಮೂರು ವರ್ಷ ಟೈಮ್ ಇದೆ. (2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ. ಕಲಂಗಳ ಸಂಖ್ಯೆ ಬದಲಾಗುತ್ತೆ, ಈ ನಿಯಮಗಳ ತಿರುಳು ಹಾಗೇ ಇದೆ.)

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರ್ತೀನಿ.

ನಮಗೆ ಪರಿಚಯದ ನಿವೃತ್ತ ನೌಕರರೊಬ್ಬರು ಹೀಗೇ ಬಾಡಿಗೆಗಿದ್ದ ಮನೆ ಮಾರೋಕೆ ಹೊರಟಾಗ ನಾನೂ ಜೊತೆಗಿದ್ದೆ. ಬಂದವರೆಲ್ಲ ಮನೆ ನೋಡಿ ಮೆಚ್ಚಿದರು. ಗೋಡೆ ಗಟ್ಟಿ, ನೀರಿದೆ, ರಸ್ತೆ ಇದೆ. ಆಮೇಲೆ ಒಂದೇ ಮಾತು: "ಏರಿಯಾ ಹೆಸರು ನೋಡಿ ಸಾರ್, ಅಲ್ಲಿಗೆ ನಮ್ಮ ಮನೆಯವರು ಬರಲ್ಲ." ಕೊನೆಗೆ ತಗೊಂಡವರು ಇದನ್ನೇ ಹಿಡಿದು ರೇಟು ಎಳೆದರು. ಎರಡು ಬೀದಿ ಆಚೆ ಇಂಥದ್ದೇ ಮನೆಗೆ ಸಿಗೋ ಬೆಲೆ ನಮ್ಮ ಬೀದಿಯಲ್ಲಿ ಸಿಗಲ್ಲ. ಯಾಕೆ ಅಂತ ಎಲ್ಲರಿಗೂ ಗೊತ್ತು, ಪತ್ರದಲ್ಲಿ ಮಾತ್ರ ಯಾರೂ ಬರೆಯಲ್ಲ.

ಲೆಕ್ಕ ಸುಲಭ ಆಗಲಿ ಅಂತ ಒಂದು ಉದಾಹರಣೆ ಹಾಕ್ತೀನಿ. ಸೈಟು ಮತ್ತು ಮನೆ ಸೇರಿ ಆಗ ಆದ ಖರ್ಚು 5 ಲಕ್ಷ. ಈಗ ಕೈಗೆ ಬಂದ ಬೆಲೆ 40 ಲಕ್ಷ. ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ, ಅಂದ್ರೆ ಗೈಡೆನ್ಸ್ ವ್ಯಾಲ್ಯೂ, 50 ಲಕ್ಷ. ಆ ಬೆಲೆ ರಸ್ತೆ, ಬಡಾವಣೆ, ಕಟ್ಟಡ ನೋಡುತ್ತೆ. ಜಾತಿ ನೋಡಲ್ಲ. ಮಾರುಕಟ್ಟೆ ನೋಡುತ್ತೆ.

ಇಲ್ಲಿ ಕಲಂ 50ಸಿ ಬರುತ್ತೆ. ಮಾರ್ಗಸೂಚಿ ಬೆಲೆ ನೀವು ಮಾರಿದ ಬೆಲೆಗಿಂತ ಶೇ. 10ಕ್ಕೂ ಹೆಚ್ಚಿದ್ರೆ, ನೀವು ಎಷ್ಟಕ್ಕೆ ಮಾರಿದ್ರಿ ಅನ್ನೋದು ಲೆಕ್ಕಕ್ಕಿಲ್ಲ. ನೀವು 50 ಲಕ್ಷಕ್ಕೇ ಮಾರಿದ್ದೀರಿ ಅಂತ ತೆರಿಗೆ ಹಾಕ್ತಾರೆ. ಶೇ. 12.5ರ ದರದಲ್ಲಿ 40 ಲಕ್ಷದ ಮೇಲಾದ್ರೆ 4,37,500 ರೂಪಾಯಿ. 50 ಲಕ್ಷದ ಮೇಲಾದ್ರೆ 5,62,500. ಸೆಸ್ ಬೇರೆ. ಅಂದ್ರೆ ಕೈಗೇ ಬಾರದ 10 ಲಕ್ಷಕ್ಕೆ 1,25,000 ರೂಪಾಯಿ ತೆರಿಗೆ! ಕೊಂಡವರಿಗೂ ಆ 10 ಲಕ್ಷ ಆದಾಯ ಅಂತ ಕಲಂ 56ರಲ್ಲಿ ತೆರಿಗೆ ಬೀಳುತ್ತೆ. ಹಾಗಾಗಿ ಅವರು ಅದನ್ನೂ ನಮ್ಮ ಬೆಲೆಯಲ್ಲೇ ಮುರ್ಕೋತಾರೆ.

ಇನ್ನೊಂದು ತಮಾಷೆ ನೋಡಿ. ಈ ಲೆಕ್ಕದಲ್ಲಿ ಲಾಭ 45 ಲಕ್ಷ. ಪೂರ್ತಿ ವಿನಾಯಿತಿ ಬೇಕಂದ್ರೆ 45 ಲಕ್ಷ ಹಾಕಿ ಬೇರೆ ಮನೆ ಕೊಳ್ಳಬೇಕು. ಕೈಯಲ್ಲಿರೋದು 40. ಬಂದ ಪ್ರತಿ ಪೈಸೆ ಹೊಸ ಮನೆಗೆ ಸುರಿದರೂ 5 ಲಕ್ಷದ ಮೇಲೆ ತೆರಿಗೆ ಉಳಿಯುತ್ತೆ.

50ಸಿ ಯಾಕೆ ಬಂತು ಅಂತಾನೂ ಹೇಳಬೇಕು. ಪತ್ರದಲ್ಲಿ ಕಡಿಮೆ ಬರೆದು ಮಿಕ್ಕಿದ್ದನ್ನ ಕಪ್ಪುಹಣದಲ್ಲಿ ತಗೊಳ್ಳೋರನ್ನ ಹಿಡಿಯೋಕೆ 2003ರಿಂದ ಈ ಕಲಂ ಇದೆ. ಉದ್ದೇಶ ಸರಿ, ನನಗೇನೂ ತಕರಾರಿಲ್ಲ. ಆದ್ರೆ ಆ ಕಾನೂನಿಗೆ ಕಡಿಮೆ ಬೆಲೆಗೆ ಒಂದೇ ಕಾರಣ ಗೊತ್ತು: ಮಾರಿದವನು ದುಡ್ಡು ಬಚ್ಚಿಟ್ಟಿದ್ದಾನೆ. ಜಾತಿಯಿಂದ ಬೆಲೆ ಬೀಳುತ್ತೆ ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ನಷ್ಟ ಆದವನೂ ನಾವೇ, ಕಳ್ಳ ಅನ್ನಿಸಿಕೊಂಡವನೂ ನಾವೇ.

ಖರ್ಚಿನ ಲೆಕ್ಕದಲ್ಲೂ ಇದೇ ಪಾಡು. ನಿಮ್ಮಪ್ಪ ಗಾರೆ ಕೆಲಸದವರು, ಮನೆಯವರೆಲ್ಲ ಸೇರಿ ಗೋಡೆ ಎತ್ತಿದ್ರು ಅಂದ್ರೆ ಅದಕ್ಕೆ ಬಿಲ್ ಎಲ್ಲಿಂದ ತರೋದು? ಮೇಲಿನ ಉದಾಹರಣೆಯಲ್ಲಿ 4 ಲಕ್ಷದ ಕಟ್ಟಡ ಖರ್ಚಿಗೆ ದಾಖಲೆ ಇಲ್ಲ ಅಂದ್ರೆ ತೆರಿಗೆ ಇನ್ನೂ 50,000 ಏರುತ್ತೆ. ಗುತ್ತಿಗೆದಾರನಿಗೆ ಕೊಟ್ಟ ದುಡ್ಡು ಖರ್ಚು, ನಮ್ಮ ಬೆವರು ಸೊನ್ನೆ.

ಕೆಲವು ಗೆಳೆಯರು ಕೇಳಬಹುದು: "ಹಾಗಾದ್ರೆ ನಮ್ಮ ಕೇರಿ ಕಾಲೋನಿಗಳ ಮಾರ್ಗಸೂಚಿ ಬೆಲೆ ಇಳಿಸಿ ಅಂತ ಹೋರಾಟ ಮಾಡೋಣವಾ?" ಬೇಡ. ಖಂಡಿತ ಬೇಡ. ಹಾಗೆ ಕೇಳೋದು ಅಂದ್ರೆ ನಮ್ಮ ನೆಲ ಕೀಳು ಅಂತ ನಾವೇ ಸರ್ಕಾರಿ ಮುದ್ರೆ ಹಾಕಿಸಿಕೊಂಡ ಹಾಗೆ. ನಾಳೆ ರಸ್ತೆಗೋ ರೈಲಿಗೋ ಜಾಗ ಹೋದ್ರೆ ಪರಿಹಾರ ನಿಗದಿ ಮಾಡುವಾಗಲೂ ಇದೇ ಬೆಲೆ ನೋಡ್ತಾರೆ, 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಅದಿದೆ. ನಮ್ಮ ನೆಲದ ಬೆಲೆ ಉಳಿಯಲಿ. ಬದಲಾಗಬೇಕಾದ್ದು ತೆರಿಗೆ ಕಾನೂನು.

"ಕೂಲಿಯವರ ಬಗ್ಗೆ ಮಾತಾಡೋದು ಬಿಟ್ಟು 40 ಲಕ್ಷದವರ ಬಗ್ಗೆ ಯಾಕೆ?" ಅನ್ನೋರೂ ಇದ್ದಾರೆ. ಆ 40 ಲಕ್ಷ ಎಷ್ಟೋ ಮನೆಗಳಲ್ಲಿ ಇಡೀ ವಂಶದ ಮೊದಲ ಆಸ್ತಿ. ಹಿಂದೆ ಜಮೀನಿಲ್ಲ, ಮುಂದೆ ಇನ್ನೊಂದು ಮನೆ ಇಲ್ಲ. ನಾಲ್ಕು ಮನೆ ಇರೋನು ಒಂದು ಮಾರಿ ಇನ್ನೊಂದು ಕೊಂಡ್ರೆ 10 ಕೋಟಿವರೆಗೆ ಕಲಂ 54ರ ವಿನಾಯಿತಿ. ಇರೋ ಒಂದನ್ನೇ ಮಾರಿ ಆಸ್ಪತ್ರೆ ಬಿಲ್ ಕಟ್ಟಿದವನಿಗೆ, ಮಗಳನ್ನ ಓದಿಸಿದವನಿಗೆ ಆ ವಿನಾಯಿತಿ ಇಲ್ಲ. ಇದು ಯಾರಿಗಾಗಿ ಮಾಡಿದ ಕಾನೂನು ಅಂತ ಕೇಳೋದು ಕೂಲಿಯವರ ವಿರುದ್ಧದ ಮಾತಲ್ಲ.

ನನ್ನ ಒತ್ತಾಯ ಇಷ್ಟು. ಒಂದು, ಒಂದೇ ಮನೆ ಇದ್ದು ಅದನ್ನ ಮಾರಿದವರಿಗೆ ನಿಜವಾಗಿ ಕೈಗೆ ಬಂದ ಬೆಲೆಯ ಮೇಲೆ ಮಾತ್ರ ತೆರಿಗೆ ಹಾಕಲಿ, ದುಡ್ಡು ಬ್ಯಾಂಕ್ ಮೂಲಕವೇ ಬಂದಿದ್ರೆ ಸಾಕು. ಎರಡು, ಸ್ವಂತ ದುಡಿಮೆಯಲ್ಲಿ ಕಟ್ಟಿದ ಮನೆಗೆ ಲೋಕೋಪಯೋಗಿ ಇಲಾಖೆಯ ದರದಲ್ಲಿ ಖರ್ಚು ಒಪ್ಪಿಕೊಳ್ಳಲಿ. ಮೂರು, ಚಿಕಿತ್ಸೆಗೆ, ಓದಿಗೆ ಹೋದ ದುಡ್ಡಿಗೂ ಒಂದು ಮಿತಿಯೊಳಗೆ ವಿನಾಯಿತಿ ಕೊಡಲಿ.

ಕಾನೂನು ಬದಲಾಗೋವರೆಗೆ ಸುಮ್ಮನೆ ಕಟ್ಟಿ ಬರಬೇಡಿ. 50ಸಿಯಲ್ಲೇ ಒಂದು ಬಾಗಿಲಿದೆ. "ಮಾರ್ಗಸೂಚಿ ಬೆಲೆ ನಿಜವಾದ ಮಾರುಕಟ್ಟೆ ಬೆಲೆಗಿಂತ ಹೆಚ್ಚಿದೆ, ಮೌಲ್ಯಮಾಪನ ಅಧಿಕಾರಿಗೆ ಕಳಿಸಿ" ಅಂತ ತೆರಿಗೆ ಅಧಿಕಾರಿಯನ್ನ ಲಿಖಿತವಾಗಿ ಕೇಳಬಹುದು. ಅವರು ಕಡಿಮೆ ಹೇಳಿದ್ರೆ ಅದೇ ಲೆಕ್ಕ. ಹೆಚ್ಚು ಹೇಳಿದ್ರೂ ಮಾರ್ಗಸೂಚಿ ಬೆಲೆ ದಾಟಲ್ಲ. ಕೇಳಿದ್ರೆ ಕಳ್ಕೊಳ್ಳೋದೇನಿಲ್ಲ. ಆ ಅರ್ಜಿಯಲ್ಲಿ ಬೆಲೆ ಯಾಕೆ ಬಿತ್ತು ಅಂತ ಬರೆಯಿರಿ. ಜಾತಿ ಅಂತಾನೇ ಬರೆಯಿರಿ, ನಾಚಿಕೆ ಪಡಬೇಕಾದ್ದು ನಾವಲ್ಲ. ಅದೇ ಬೀದಿಯ ಬೇರೆ ಮಾರಾಟ ಪತ್ರಗಳ ನಕಲು ಜೊತೆಗಿಡಿ. ಸಾಲದ ಮಂಜೂರಾತಿ ಪತ್ರ, ಬಾಡಿಗೆ ಕರಾರು, ಕಂದಾಯ ರಸೀದಿ, ಹಳೇ ಸಿಮೆಂಟ್ ಚೀಟಿ ಯಾವುದನ್ನೂ ಎಸೀಬೇಡಿ. ಬಿಲ್ ಇಲ್ಲದಿದ್ರೆ ಮಾರೋಕೆ ಮುಂಚೆ ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡಿಸಿ. ಹೊಸ ಮನೆ ತಕ್ಷಣ ಆಗದಿದ್ರೆ ರಿಟರ್ನ್ಸ್ ಸಲ್ಲಿಸೋ ಕೊನೆ ದಿನದೊಳಗೆ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ದುಡ್ಡು ಹಾಕಿ.

ನಮ್ಮ ಲೆಕ್ಕ ಪರಿಶೋಧಕ ಗೆಳೆಯರಿಗೆ, ವಕೀಲ ಗೆಳೆಯರಿಗೆ ಒಂದು ಮನವಿ. ಮೀಸಲಾತಿ, ದೌರ್ಜನ್ಯ ಕೇಸುಗಳ ಜೊತೆ ಇದನ್ನೂ ಕೈಗೆತ್ತಿಕೊಳ್ಳಿ. ಪ್ರತಿ ತಾಲ್ಲೂಕಲ್ಲಿ ಇಂಥ ಹತ್ತು ಅರ್ಜಿ ಬೀಳಲಿ. ಜಾತಿ ನಮ್ಮ ಮನೆಯಿಂದ ಎಷ್ಟು ಕಿತ್ತುಕೊಳ್ಳುತ್ತೆ ಅನ್ನೋದು ಸರ್ಕಾರದ ಕಡತದಲ್ಲಿ ರೂಪಾಯಿ ಲೆಕ್ಕದಲ್ಲಿ ದಾಖಲಾಗಲಿ.

ನಿಮ್ಮೂರಲ್ಲಿ ಹೀಗಾಗಿದ್ರೆ ಕಮೆಂಟಲ್ಲಿ ಬರೆಯಿರಿ, ಹೆಸರು ಬೇಡ, ಲೆಕ್ಕ ಸಾಕು.

ಜೈ ಭೀಮ್.