ಒಂದೇಟು ತಾನೇ ಅಂತೀರಾ?

‘ಸಿಟ್ಟಲ್ಲಿ ಒಂದೇಟು ಹಾಕಿದ್ರು, ಅಷ್ಟೇ’ ಅಂತ ನೀವೂ ಯಾರಿಗಾದರೂ ಸಮಾಧಾನ ಹೇಳಿರಬಹುದು. ಆ ಒಂದೇಟೂ ಲೆಕ್ಕಕ್ಕೆ ಬರುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮದುವೆಯಾದ 18ರಿಂದ 49 ವರ್ಷದ ಹೆಂಗಸರನ್ನು ‘ಹಿಂಸೆ ಆಗಿದೆಯಾ?’ ಅಂತಷ್ಟೇ ಕೇಳಿ ಬಿಡಲಿಲ್ಲ. ಗಂಡ ಕೆನ್ನೆಗೆ ಹೊಡೆದಿದ್ದಾರಾ, ಕೂದಲು ಎಳೆದಿದ್ದಾರಾ, ಹಾಸಿಗೆಯಲ್ಲಿ ಬಲವಂತ ಮಾಡಿದ್ದಾರಾ ಎಂದು ಒಂದೊಂದಾಗಿ ಕೇಳಿದರು. ದೇಶದಲ್ಲಿ ಶೇ. 29.3 ಹೆಂಗಸರು ಹೌದು ಎಂದರು. ನಮ್ಮ ಕರ್ನಾಟಕದಲ್ಲಿ ಶೇ. 44.4! ರಾಜ್ಯಗಳಲ್ಲೇ ಅತಿ ಹೆಚ್ಚು. 2015-16ರಲ್ಲಿ ಇಲ್ಲಿ ಇದು ಶೇ. 20.6 ಇತ್ತು. ಗಂಡಂದಿರು ನಾಲ್ಕೇ ವರ್ಷದಲ್ಲಿ ಇಷ್ಟು ಕೆಟ್ಟರೋ, ಹೆಂಗಸರು ಬಾಯಿಬಿಟ್ಟರೋ? ಎರಡೂ ಇದ್ದೀತು.

ನನಗೆ ದಿಗಿಲು ಹುಟ್ಟಿಸೋದು ಬೇರೆ ಅಂಕಿ. ದೇಶದಲ್ಲಿ ಹಿಂಸೆ ಅನುಭವಿಸಿದವರ ಪೈಕಿ ಶೇ. 77 ಮಂದಿ ನೆರವು ಕೇಳಿಲ್ಲ, ಯಾರಿಗೂ ಹೇಳಿಕೊಂಡೂ ಇಲ್ಲ. ಹೆತ್ತ ತಾಯಿಗೂ!

‘ಹೇಳಿದ್ರೆ ಮನೆಯಿಂದ ಹೊರಗೆ ಹಾಕ್ತಾರೆ’ ಅನ್ನೋ ಭಯವೇ? 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಗಂಡನ ಜೊತೆ ಬಾಳಿದ ಮನೆಯಲ್ಲೇ ವಾಸದ ಹಕ್ಕು ಕೇಳಬಹುದು. ಮನೆ ಮಾವನ ಹೆಸರಲ್ಲಿದ್ದರೂ ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಹಿಳಾ ಸಹಾಯವಾಣಿ 181. ದೂರು ಕೊಡಲೇಬೇಕೆಂದಿಲ್ಲ, ಸುಮ್ಮನೆ ವಿಚಾರಿಸೋಕೂ ಫೋನ್ ಮಾಡಬಹುದು.