ಹಳೆಯ ದಾರಿಗೂ ಒಂದು ಗಡುವು ಬೇಕು

ಬೆಂಗಳೂರಿನಲ್ಲಿ ಗೊರಗುಂಟೆಪಾಳ್ಯದಿಂದ ನಾಗಸಂದ್ರದ ಕಡೆಗೆ ಹೋಗುವ ಮೇಲ್ಸೇತುವೆಯನ್ನು ಕೇಬಲ್ ದೋಷದ ಕಾರಣ 2021ರ ಡಿಸೆಂಬರ್ 25ರಂದು ಮುಚ್ಚಿದರು. ತುಮಕೂರು ರಸ್ತೆಯ ಸಂಚಾರ ತೆವಳಿತು, ಆದರೆ ನಿಲ್ಲಲಿಲ್ಲ. ಕೆಳಗೆ ಹಳೆಯ ರಸ್ತೆ ಇತ್ತು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ, 2024ರ ಜುಲೈನಲ್ಲಿ ಭಾರಿ ವಾಹನಗಳಿಗೆ ಸೇತುವೆ ಮತ್ತೆ ತೆರೆಯಿತು. ದೊಡ್ಡ ಸಂಸ್ಥೆಯೊಂದು ತನ್ನ ಸರ್ವರ್‌ಗಳ ಸಾಫ್ಟ್‌ವೇರ್ ಬದಲಿಸಿ, ವರ್ಷಗಳ ದತ್ತಾಂಶವನ್ನು ಹೊಸ ವ್ಯವಸ್ಥೆಗೆ ಸಾಗಿಸಲು ಹೊರಟಾಗಲೂ ಮೊದಲು ಕೇಳಬೇಕಾದದ್ದು ಇದನ್ನೇ: ಮೇಲಿನದು ಕೈಕೊಟ್ಟರೆ ಕೆಳಗೆ ರಸ್ತೆ ಉಳಿದಿದೆಯೇ?

ಹಳೆಯ ದಾರಿಯನ್ನು ಕೆಲಕಾಲ ಉಳಿಸಿಕೊಳ್ಳಬೇಕು ಎಂಬುದಕ್ಕೆ ಕನ್ನಡ ನಾಡಿನಲ್ಲೇ ಒಳ್ಳೆಯ ಸಾಕ್ಷ್ಯವಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 1928ರಲ್ಲಿ ಪಿಗ್ಮಿ ಠೇವಣಿ ತಂದು ಬಡವರ ಬಿಡಿಗಾಸಿಗೂ ಲೆಕ್ಕ ಬರೆದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಎರಡೂ ಬ್ಯಾಂಕುಗಳು ಒಂದೇ ಬಗೆಯ ಕೋರ್ ಬ್ಯಾಂಕಿಂಗ್ ತಂತ್ರಾಂಶ ಬಳಸುತ್ತಿದ್ದುದು ಈ ಜೋಡಿಗೆ ಸರ್ಕಾರ ಕೊಟ್ಟ ಸಮರ್ಥನೆಗಳಲ್ಲಿ ಒಂದು. ಹಾಗಿದ್ದೂ ಹಣ ವರ್ಗಾವಣೆಗೆ ಬೇಕಾದ, ಸಿಂಡಿಕೇಟ್ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜೂನ್ 30ರವರೆಗೆ, ಅಂದರೆ ಹದಿನೈದು ತಿಂಗಳು, ಚಲಾವಣೆಯಲ್ಲಿದ್ದವು. ಹೊಸ ಸಂಕೇತವನ್ನು ಊಹಿಸುವುದೂ ಸುಲಭವಿತ್ತು: ಬ್ಯಾಂಕಿನ ಅಕ್ಷರಗಳು ಬದಲಾದವು, ಹಳೆಯ ಅಂಕಿಗೆ 10000 ಕೂಡಿತು. ಬ್ಯಾಂಕ್ ಆಫ್ ಬರೋಡಾದಲ್ಲಿ 2019ರ ಏಪ್ರಿಲ್‌ನಲ್ಲಿ ಲೀನವಾದ ವಿಜಯಾ ಬ್ಯಾಂಕಿನ ಸಂಕೇತಗಳು ರದ್ದಾದದ್ದು 2021ರ ಮಾರ್ಚ್ 1ರಂದು. ಇಷ್ಟು ಕಾಲ ಏಕೆ? ಬ್ಯಾಂಕಿನ ದತ್ತಾಂಶ ಬ್ಯಾಂಕಿನ ಸರ್ವರ್‌ನಲ್ಲಿ ಮಾತ್ರ ಇರುವುದಿಲ್ಲ. ಪೀಣ್ಯದ ಕಾರ್ಖಾನೆಯ ಸಂಬಳದ ಪಟ್ಟಿಯಲ್ಲಿ, ಭವಿಷ್ಯನಿಧಿಯ ದಾಖಲೆಯಲ್ಲಿ, ವಿಮಾ ಕಂತಿನ ಒಪ್ಪಿಗೆಪತ್ರದಲ್ಲಿ, ಯಾರದೋ ಚೆಕ್ ಪುಸ್ತಕದಲ್ಲಿ ಅದರ ಚೂರುಗಳಿರುತ್ತವೆ. ಅವನ್ನು ಯಾವ ಎಂಜಿನಿಯರೂ ಒಂದು ರಾತ್ರಿಯಲ್ಲಿ ತಿದ್ದಲಾರ.

ಒಂದೇ ಏಟಿಗೆ ಮುಗಿಸಹೊರಟರೆ ಏನಾಗುತ್ತದೆಂಬುದನ್ನು ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ತೋರಿಸಿತು. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಅದು ಸುಮಾರು 50 ಲಕ್ಷ ಗ್ರಾಹಕರನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ದತ್ತಾಂಶ ಸರಿಯಾಗಿಯೇ ತಲುಪಿತ್ತು. ಕುಸಿದದ್ದು ಅದನ್ನು ಹೊತ್ತ ವ್ಯವಸ್ಥೆ. ಎರಡು ದತ್ತಾಂಶ ಕೇಂದ್ರಗಳಲ್ಲಿ ಒಂದನ್ನಷ್ಟೇ ಭಾರ ಹೊರಿಸಿ ಪರೀಕ್ಷಿಸಿದ್ದು ಆಮೇಲೆ ತನಿಖೆಯಲ್ಲಿ ಬಯಲಾಯಿತು. ಎಲ್ಲವೂ ಸಹಜ ಸ್ಥಿತಿಗೆ ಬರಲು ಡಿಸೆಂಬರ್ ಆಯಿತು. 2022ರಲ್ಲಿ ನಿಯಂತ್ರಕರು 4 ಕೋಟಿ 86 ಲಕ್ಷ ಪೌಂಡ್‌ಗೂ ಹೆಚ್ಚು ದಂಡ ಹಾಕಿದರು.

ಹಳೆಯದನ್ನೂ ಹೊಸದನ್ನೂ ಜೊತೆಗೆ ನಡೆಸುವುದು ದುಬಾರಿ, ಭದ್ರತಾ ತೇಪೆಗಳು ನಿಂತುಹೋದ ತಂತ್ರಾಂಶವನ್ನು ಉಳಿಸಿಕೊಳ್ಳುವುದು ಅಪಾಯ ಎಂಬ ಆಕ್ಷೇಪ ನ್ಯಾಯವಾದದ್ದೇ. ಎರಡು ಕಡೆ ಬರೆಯಲು ಬಿಟ್ಟರೆ ಯಾವ ಲೆಕ್ಕ ನಿಜವೆಂಬ ಗೊಂದಲವೂ ಹುಟ್ಟುತ್ತದೆ. ಆದರೆ ಹಳೆಯ ಯಂತ್ರವನ್ನು ಇಡಿಯಾಗಿ ನಡೆಸಿ ಎಂದು ಯಾರೂ ಕೇಳುತ್ತಿಲ್ಲ. ಬರಹ ಹೊಸದರಲ್ಲಿ ಮಾತ್ರ ನಡೆಯಲಿ; ಹಳೆಯದು ಹೊರಗಿನ ಜಾಲದಿಂದ ದೂರವಿದ್ದು ಓದಿಗೆ, ತಾಳೆ ನೋಡಲು ಸಿಗಲಿ; ಹಳೆಯ ಸಂಕೇತ ಬಂದರೆ ಹೊಸ ವಿಳಾಸಕ್ಕೆ ದಾಟಿಸುವ ಕೋಷ್ಟಕವೊಂದು ಇರಲಿ. ಇದರ ಖರ್ಚು ಯೋಜನೆಯ ಮೊದಲ ಪುಟದಲ್ಲೇ ಕಾಣಿಸದಿದ್ದರೆ, ಆ ಖರ್ಚನ್ನು ಸಂಬಳ ಕೈಸೇರದ ಕಾರ್ಮಿಕ ತನ್ನ ಅರ್ಧ ದಿನದ ಕೂಲಿ ಬಿಟ್ಟು, ಶಾಖೆಯ ಸಾಲಿನಲ್ಲಿ ನಿಂತು ತೆರುತ್ತಾನೆ. ಇದು ಅನ್ಯಾಯ. ಆದ್ದರಿಂದ ಇಂಥ ಬದಲಾವಣೆಗೆ ಟೆಂಡರ್ ಬರೆಯುವ ಅಧಿಕಾರಿಗಳಲ್ಲಿ ಒಂದು ಕೋರಿಕೆ: ಹೊಸ ವ್ಯವಸ್ಥೆ ಆರಂಭವಾಗುವ ದಿನದ ಪಕ್ಕದಲ್ಲೇ ಹಳೆಯ ಸಂಕೇತ ನಡೆಯುವ ಕೊನೆಯ ದಿನವನ್ನೂ, ಅನಾಹುತ ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬುದನ್ನೂ ಬರೆಯಿರಿ.