ಎಲ್ಲಿಗೆ ಹೋಗಬೇಕು ಅವಳಿಗೆ?

ಮೂವತ್ತು ವರ್ಷಗಳಿಂದ ಮಕ್ಕಳಿಗೆ ಗಾದೆ ಮಾತು ವಿಸ್ತರಿಸುವುದನ್ನು ಹೇಳಿಕೊಡುತ್ತಾ ಬಂದಿದ್ದೇನೆ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಮೊದಲ ಸಾಲು ಬರೆಸಿ ಮುಂದಕ್ಕೆ ಹೋಗುವುದು ನಮ್ಮ ವಾಡಿಕೆ. ಆದರೆ ‘ಕುಂಟನಿಗೆ ಎಂಟು ಚೇಷ್ಟೆ’ ಎಂಬ ಗಾದೆಯನ್ನು ಮಾತ್ರ ಇನ್ನು ಯಾವ ಮಗುವಿನ ಕೈಯಲ್ಲೂ ಬರೆಸಲಾರೆ. ನಮ್ಮ ಹತ್ತಿರದ ಬಂಧುವೊಬ್ಬರು ತಿಪಟೂರಿನ ನಮ್ಮ ಮನೆಯ ಪಡಸಾಲೆಯಲ್ಲೇ ಕುಳಿತು, ನಾವು ಕೊಟ್ಟ ಕಾಫಿ ಕುಡಿಯುತ್ತಾ, ನನ್ನ ತಂಗಿಯ ಎದುರಿಗೇ ಅದನ್ನು ಆಡಿದರು. ಅವಳು ಮಾಡಿದ್ದ ಅಪರಾಧ ಇಷ್ಟೆ: ತನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ರವಿಕೆ ಹೊಲಿದು ಕೂಡಿಟ್ಟ ದುಡ್ಡಿನಲ್ಲಿ, ಹಿಂದೆ ಎರಡು ಪಕ್ಕದ ಚಕ್ರ ಸೇರಿಸಿದ ಬ್ಯಾಟರಿ ಸ್ಕೂಟರ್ ಕೊಂಡಿದ್ದಳು.

ನನ್ನ ತಂಗಿಗೆ ಎರಡನೆಯ ವಯಸ್ಸಿನಲ್ಲಿ, 1975ರಲ್ಲಿ, ಪೋಲಿಯೋ ಬಂದು ಎಡಗಾಲು ಸೊರಗಿಹೋಯಿತು. ದೇಶಕ್ಕೆಲ್ಲಾ ಹನಿ ಹಾಕುವ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನೂ ಬೂತಿನಲ್ಲಿ ಕುಳಿತು ಎಷ್ಟೋ ಕೂಸುಗಳ ಬೆರಳಿಗೆ ಶಾಯಿ ಹಚ್ಚಿದ್ದೇನೆ. 2011ರ ಜನವರಿಯ ನಂತರ ನಮ್ಮಲ್ಲಿ ವೈಲ್ಡ್ ಪೋಲಿಯೋದ ಹೊಸ ಪ್ರಕರಣವಿಲ್ಲ, 2014ರಲ್ಲಿ ಭಾರತ ಪೋಲಿಯೋಮುಕ್ತವೆಂಬ ಮಾನ್ಯತೆಯೂ ಬಂತು. ಸಂತೋಷವೇ. ಆದರೆ ಹನಿ ಸಿಗುವ ಮೊದಲೇ ಕಾಲು ಕಳೆದುಕೊಂಡವರು ನಮ್ಮ ನಡುವೆ ಇನ್ನೂ ಇದ್ದಾರೆ, ಅವರಿಗೂ ಐವತ್ತಾಗುತ್ತಿದೆ, ಅರವತ್ತಾಗುತ್ತಿದೆ ಎಂಬುದನ್ನು ನಾವು ಮರೆತೇಬಿಟ್ಟೆವು.

ಇಪ್ಪತ್ತರ ಪ್ರಾಯದಲ್ಲಿ ಅವಳಿಗೆ ಶಿಬಿರವೊಂದರಲ್ಲಿ ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿ ಕೊಟ್ಟರು. ಹಾರ ಹಾಕಿಸಿ ಫೋಟೋ ತೆಗೆದರು. ಆ ಗಾಡಿ ತಿರುಗಿಸಿ ತಿರುಗಿಸಿ ಅವಳ ಭುಜ ನೋಯತೊಡಗಿತು, ಸೀರೆ ಸೆರಗಿಗೆ ಚೈನಿನ ಗ್ರೀಸು ಮೆತ್ತಿತು. ಹೊಲಿಯುವವಳಿಗೆ ಭುಜವೇ ಹೋದರೆ ಗತಿಯೇನು? ಗಾಡಿ ಹಿತ್ತಿಲು ಸೇರಿತು, ಅವಳು ಮನೆ ಸೇರಿದಳು.

ಆಮೇಲೆ ಅವಳ ಕಾಲಾಗಿ ಓಡಾಡಿದವರು ನಾವು. ದಾರ, ಲೈನಿಂಗ್ ಬಟ್ಟೆ, ಹುಕ್ಕು ಎಲ್ಲವನ್ನೂ ನಾನೇ ತರುತ್ತಿದ್ದೆ. ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಸ್ಕೂಟರಿನ ಮಾತು ಬಂದಾಗ ಮೊದಲು ಅಡ್ಡ ಬಂದವಳೂ ನಾನೇ. “ನಿಂಗ್ಯಾಕೆ ಕಣೇ ಗಾಡಿ? ಎಲ್ಲಿಗೆ ಹೋಗ್ಬೇಕು ನೀನು? ಬೇಕಾದ್ದನ್ನೆಲ್ಲಾ ನಾನೇ ತಂದ್ಕೊಡ್ತೀನಲ್ಲ?” ಎಂದೆ. ಅವಳು ಹೊಲಿಗೆ ಮಿಷನ್ನಿನ ಡ್ರಾಯರ್ ಎಳೆದು ತೋರಿಸಿದಳು. ಅದರ ತುಂಬ ನಾನು ಅಷ್ಟು ವರ್ಷ ತಂದುಕೊಟ್ಟಿದ್ದ, ಯಾವ ರವಿಕೆಗೂ ಹೊಂದದ ದಾರದ ಉಂಡೆಗಳು. “ಒಂದಿನಾನೂ ನಿಂಗೆ ಹೇಳಿಲ್ಲ ಅಕ್ಕ. ಬಣ್ಣ ನಾನೇ ಬೆಳಕಿಗೆ ಹಿಡಿದು ನೋಡ್ಬೇಕು” ಎಂದಳು. ನಾನು ಮತ್ತೆ ಮಾತಾಡಲಿಲ್ಲ.

ಈಗ ನನ್ನ ಸರದಿ. ಐವತ್ತನಾಲ್ಕಕ್ಕೇ ಎರಡೂ ಮಂಡಿ ಸವೆದಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ನಮ್ಮ ಶಾಲೆಯ ಟೀಚರುಗಳೆಲ್ಲಾ ಎಷ್ಟು ಸಂತೋಷಪಟ್ಟರು! ನಾನೂ ಪಟ್ಟೆ. ಆದರೆ ಬಸ್ಸಿನ ಮೊದಲ ಮೆಟ್ಟಿಲು ನನ್ನ ಮಂಡಿಯ ಹತ್ತಿರಕ್ಕೆ ಬರುತ್ತದೆ. ಹಿಂದಿನಿಂದ ಜನ ತಳ್ಳುತ್ತಾರೆ, ಮುಂದಿನಿಂದ ಕಂಡಕ್ಟರು “ಬೇಗ ಹತ್ತಮ್ಮ” ಎನ್ನುತ್ತಾನೆ. ಟಿಕೆಟ್ಟಿಗೆ ಕಾಸು ಬೇಡ, ಸರಿ. ಹತ್ತಲಾರದವಳಿಗೆ ಅದರಿಂದ ಏನು ಬಂತು?

ಸರ್ಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ. ಅದರಲ್ಲಿ ಮೋಟಾರು ಟ್ರೈಸಿಕಲ್ಲೂ ಉಂಟು, ತೀವ್ರ ವೈಕಲ್ಯವಿರುವ 16 ವರ್ಷ ದಾಟಿದವರಿಗೆ. ನಮ್ಮ ರಾಜ್ಯವೂ ಯಂತ್ರಚಾಲಿತ ವಾಹನ ಹಂಚುತ್ತದೆ. 2016ರ ಕಾನೂನು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಶೇಕಡ 40ಕ್ಕೆ ಒಂದು ಗೆರೆ ಎಳೆದಿದೆ. ದುಡ್ಡು ಹಂಚುವಾಗ ಗೆರೆ ಬೇಕು, ನಾನು ಒಪ್ಪುತ್ತೇನೆ. ನನ್ನ ಜಗಳ ಆ ಗೆರೆಯ ಮೇಲಲ್ಲ, ಅದನ್ನು ತಂದು ನಮ್ಮ ಮನೆಯೊಳಗೂ ಎಳೆದುಕೊಂಡಿರುವ ನಮ್ಮ ಬುದ್ಧಿಯ ಮೇಲೆ.

ಕನ್ನಡಕವನ್ನೇ ನೋಡಿ. ನಲವತ್ತು ದಾಟಿದೊಡನೆ ಸೂಜಿಗೆ ದಾರ ಪೋಣಿಸಲಾಗದಿದ್ದರೆ ಹೋಗಿ ಹಾಕಿಸಿಕೊಳ್ಳುತ್ತೇವೆ. ಯಾರೂ ಶೇಕಡ ಎಷ್ಟು ಕುರುಡೆಂದು ಸರ್ಟಿಫಿಕೇಟ್ ಕೇಳುವುದಿಲ್ಲ, ‘ಪಾಪ’ ಎನ್ನುವುದಿಲ್ಲ, ‘ನೋಡೋದಕ್ಕೆ ಏನಿದೆ ಇವಳಿಗೆ’ ಎಂದೂ ಕೇಳುವುದಿಲ್ಲ. ಕಣ್ಣಿಗೆ ಸಲ್ಲುವ ಈ ನ್ಯಾಯ ಕಾಲಿಗೇಕೆ ಸಲ್ಲದು? ಮಗ ಪಿಯುಸಿ ಪಾಸಾದರೆ ಸಾಲ ಮಾಡಿ ಬೈಕು ಕೊಡಿಸುತ್ತೇವೆ. ಅವನ ಎರಡು ಕಾಲೂ ಗಟ್ಟಿಯಾಗಿವೆಯಲ್ಲ! ಮಂಡಿ ಸವೆದ ಅಮ್ಮನಿಗೆ ಮಾತ್ರ ತೈಲ, ಮಾತ್ರೆ, ‘ಮನೇಲೇ ಆರಾಮಾಗಿರಿ’ ಎಂಬ ಉಪದೇಶ.

ಬಿದ್ದರೆ ಏನು ಗತಿ ಎನ್ನುವವರಿಗೂ ಉತ್ತರ ಹೇಳಿಬಿಡುತ್ತೇನೆ. ತಂಗಿಯ ಸ್ಕೂಟರಿಗೆ ಕಿಕ್ ಹೊಡೆಯುವ ಕೆಲಸವಿಲ್ಲ, ಗೇರಿಲ್ಲ, ವೇಗ ಮತ್ತು ಬ್ರೇಕು ಎರಡೂ ಕೈಯಲ್ಲೇ ಇವೆ. ನಿಂತಾಗ ಪಕ್ಕದ ಚಕ್ರಗಳು ಹಿಡಿದುಕೊಳ್ಳುವುದರಿಂದ ಕಾಲು ಊರುವ ಕಷ್ಟವಿಲ್ಲ. ಅವಳು ಲೈಸೆನ್ಸ್ ತೆಗೆದುಕೊಂಡೇ ಓಡಿಸುತ್ತಾಳೆ. ನಾನು ಹೋದ ವರ್ಷ ಕೊಂಡದ್ದು ಬ್ಯಾಟರಿ ಇರುವ ಮೂರು ಚಕ್ರದ ಸೈಕಲ್ಲು. ಮೈಯ ಭಾರವನ್ನೆಲ್ಲಾ ಸೀಟು ಹೊರುತ್ತದೆ. ನಿಂತಲ್ಲಿಂದ ಹೊರಡುವಾಗ, ಏರು ಬಂದಾಗ ಮೋಟಾರು ಕೈಹಿಡಿಯುತ್ತದೆ. ಸಮತಟ್ಟಿನಲ್ಲಿ ನಾನು ತುಳಿಯುತ್ತೇನೆ. ಪರೀಕ್ಷೆಯಾಗಿ ಮಾನ್ಯತೆ ಪಡೆದ, 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮುಟ್ಟದ ಇಂಥ ಗಾಡಿಗಳನ್ನು ಕಾನೂನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಕೊಳ್ಳುವಾಗ ಆ ಕಾಗದ ಕೇಳಿ ನೋಡಿ.

ತೊಂದರೆಯೇ ಇಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಮೂರು ಚಕ್ರದ ಸೈಕಲ್ಲು ಎರಡು ಚಕ್ರದ್ದರ ಹಾಗೆ ವಾಲುವುದಿಲ್ಲ, ತಿರುವಿನಲ್ಲಿ ವೇಗ ತಗ್ಗಿಸದಿದ್ದರೆ ಮಗುಚುತ್ತದೆ. ರಸ್ತೆಯ ಅಂಚು ಇಳಿಜಾರಾಗಿದ್ದರೆ ಅತ್ತಲೇ ಎಳೆಯುತ್ತದೆ. ನಾನು ನಾಲ್ಕು ಭಾನುವಾರ ಶಾಲೆಯ ಮೈದಾನದಲ್ಲಿ ಸುತ್ತು ಹೊಡೆದ ಮೇಲೆಯೇ ಬಿ.ಎಚ್. ರಸ್ತೆಗೆ ಇಳಿದದ್ದು. ಬ್ಯಾಟರಿಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ಅದಕ್ಕೂ ದುಡ್ಡು ಎತ್ತಿಡಬೇಕು. ಇವೆಲ್ಲಕ್ಕಿಂತ ದೊಡ್ಡ ತೊಂದರೆ ಗಾಡಿಯಲ್ಲಿಲ್ಲ, ನಮ್ಮ ಊರಿನಲ್ಲಿದೆ. ಬ್ಯಾಂಕಿನ ತನಕ ಹೋದರೆ ಅಲ್ಲಿ ಐದು ಮೆಟ್ಟಿಲು. ಪಕ್ಕದಲ್ಲಿ ಇಳಿಜಾರು ಕಟ್ಟಿದ್ದಾರೆ, ಆದರೆ ಅದರ ಮೇಲೆ ಸಾಲಾಗಿ ಬೈಕುಗಳು! ಮಕ್ಕಳು ಮೊದಲ ವಾರ “ಮಿಸ್ ಆಟೋ ಬಂತು” ಎಂದು ನಕ್ಕರು, ಎರಡನೆಯ ವಾರ ಬುಟ್ಟಿಯಲ್ಲಿ ತಮ್ಮ ನೋಟ್‌ಪುಸ್ತಕ ಹೇರಿ ಕಳಿಸಿದರು. ದೊಡ್ಡವರು ಇನ್ನೂ ನಗುತ್ತಿದ್ದಾರೆ.

ಗಾಡಿ ಬಂದ ಮೊದಲ ಸಂಜೆ ತಂಗಿ ದಾರದ ಅಂಗಡಿಗೆ ಹೋಗಿರಬೇಕೆಂದು ನಾವೆಲ್ಲಾ ತಿಳಿದಿದ್ದೆವು. ಕತ್ತಲಾಗುವ ಹೊತ್ತಿಗೆ ಬಂದಳು. ಬಾಗಿಲಲ್ಲೇ ನಿಂತಿದ್ದ ಅಮ್ಮ “ಎಲ್ಲಿಗೆ ಹೋಗಿದ್ಯೇ ಇಷ್ಟು ಹೊತ್ತು?” ಎಂದು ಗದರಿಸಿದರು. “ಎಲ್ಲಿಗೂ ಇಲ್ಲಮ್ಮ. ಕೆರೆ ಏರಿ ಮೇಲೆ ಸುಮ್ನೆ ಹೋಗಿದ್ದೆ” ಎಂದಳು. ನಮ್ಮೂರ ಗಂಡಸರು ದಿನಾ ಸಂಜೆ ಸರ್ಕಲ್ಲಿಗೆ ಸುಮ್ಮನೇ ಹೋಗುತ್ತಾರೆ, ಸುಮ್ಮನೇ ಬರುತ್ತಾರೆ, ಅವರನ್ನು ಯಾರೂ ಕಾರಣ ಕೇಳಿದ್ದನ್ನು ನಾನು ಕಂಡಿಲ್ಲ. ನನ್ನ ತಂಗಿ ಹಾಗೆ ಸುಮ್ಮನೆ ಒಂದು ಸುತ್ತು ಹೋಗಿಬರಲು ನಲವತ್ತೇಳು ವರ್ಷ ಕಾಯಬೇಕಾಯಿತು.

ಆದ್ದರಿಂದ ಗೆಳತಿಯರೇ, ನಿಮ್ಮ ಮನೆಯ ಮೂಲೆಯಲ್ಲಿ ಕುಳಿತಿರುವ ಅತ್ತೆ, ನಾದಿನಿ, ಅಕ್ಕ ಯಾರಾದರೂ ನನಗೊಂದು ಗಾಡಿ ಬೇಕು ಎಂದರೆ ದಯವಿಟ್ಟು ‘ಎಲ್ಲಿಗೆ ಹೋಗಬೇಕು?’ ಎಂದು ಕೇಳಬೇಡಿ. ಯಾವ ಬಣ್ಣದ್ದು ಬೇಕು ಎಂದು ಕೇಳಿ.